ನಡೆಗಾಲು ತಡೆದ ಕ್ಷಣ

ಹಾವೇರಿ ಜಿಲ್ಲೆಯಲ್ಲಿ ಚಂಪಕ್ಕ ಬಣಕಾರ ಎಂಬ ಹೆಂಗಸು ಅಂಗಡಿಯ ಮೆಟ್ಟಿಲಿಳಿಯುವಾಗ ಬಿದ್ದು ಮುಂಗೈ ಮುರಿದುಕೊಂಡಳು ಎಂಬ ಸುದ್ದಿ ಬಂದಾಗ ನೀಲಾಂಬಿಕಾ ಯಲಿಗಾರ ಒಂದು ವರದಿಯನ್ನು ಮುಗಿಸುವ ಹಂತದಲ್ಲಿದ್ದಳು. ಚಂಪಕ್ಕ ತೊಟ್ಟಿದ್ದದ್ದು ನೀಲಾ ಕೆಲಸ ಮಾಡುವ ‘ಪದಗತಿ’ ಕಂಪನಿಯ ನಡೆಗಾಲು. ಕೆಳಗಿನ ಮೆಟ್ಟಿಲಿಗೆ ಚಾಚಿದ ಕಾಲು ಗಾಳಿಯಲ್ಲೇ ತಡೆದು ನಿಂತಿತ್ತು. ಒಂದು ಕ್ಷಣವಷ್ಟೆ. ಮೆಟ್ಟಿಲ ಮೇಲೆ ಅಷ್ಟು ಸಾಕು.

ನಡೆಗಾಲು ಹುಬ್ಬಳ್ಳಿಯಲ್ಲೇ ತಯಾರಾಗುತ್ತಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಶಕ್ತಿ ಕಳೆದುಕೊಂಡವರು ಲೋಹದ ಕೀಲುಗಳಿರುವ ಅದನ್ನು ಪಾಯಿಜಾಮದಂತೆ ತೊಡುತ್ತಿದ್ದರು. ಸೊಂಟಕ್ಕೆ ಒಂದು ಪಟ್ಟಿ. ಅದರಲ್ಲಿ ಎಡಕ್ಕೊಂದು, ಬಲಕ್ಕೊಂದು ಸಂವೇದಕ. ಕಾಲು ಎತ್ತಬೇಕೆಂದು ಮನಸ್ಸು ಬಂದ ಕೂಡಲೇ ನರಗಳಲ್ಲಿ ಏಳುವ ಸಣ್ಣ ಅಲೆಯನ್ನು ಅವು ಹಿಡಿಯುತ್ತಿದ್ದವು. ಉಳಿದದ್ದು ಮೋಟಾರಿನ ಕೆಲಸ. ತೊಟ್ಟವರಿಗೆ ತಾವು ಯಂತ್ರ ನಡೆಸುತ್ತಿದ್ದೇವೆ ಅನ್ನಿಸುತ್ತಲೇ ಇರಲಿಲ್ಲ. ನೀಲಾಳ ಗಂಡ ಫಕೀರೇಶನೂ ತೊಟ್ಟವರಲ್ಲಿ ಒಬ್ಬ. ಕೇಶ್ವಾಪುರದ ಶಾಲೆಯೊಂದರಲ್ಲಿ ಹುಡುಗಿಯರಿಗೆ ಖೋಖೋ ಕಲಿಸುವ ಮಾಸ್ತರನಾಗಿದ್ದ ಅವನು ಲಾರಿ ಅಪಘಾತದ ನಂತರ ಎರಡು ವರ್ಷ ಗಾಲಿಕುರ್ಚಿಯಲ್ಲಿ ಕಳೆದಿದ್ದ. ಈಗ ಮತ್ತೆ ಮೈದಾನದಲ್ಲಿದ್ದ, ಕೊರಳಲ್ಲಿ ಸೀಟಿ ಹಾಕಿಕೊಂಡು.

ನೀಲಾ ಬರೆಯುತ್ತಿದ್ದ ವರದಿ ನಡೆಗಾಲಿನ ಬಗ್ಗೆ ಅಲ್ಲ, ನಡೆಗಾಲಿನ ಸಾಫ್ಟ್‌ವೇರ್ ಬರೆಯುವ ಸಾಧನಗಳ ಬಗ್ಗೆ. ಕಂಪನಿಯಲ್ಲಿ ಆಗ ಎರಡು ಬಗೆಯ ಸಾಧನಗಳಿದ್ದವು. ಒಂದರ ಹೆಸರು ‘ಅರಿವು’. ಅದು ಕೋಡ್ ಬರೆಯುವ ಎಡಿಟರ್ ಎನ್ನುವುದಕ್ಕಿಂತ ಜೊತೆಗಾರ. ಏನು ಬೇಕೆಂದು ಬಾಯಲ್ಲಿ ಹೇಳಿದರೆ ಸಾಕು, ಕೋಡ್ ಬರೆದು ಮುಂದಿಡುತ್ತಿತ್ತು. ತಪ್ಪೊಂದು ಕಂಡರೆ ನೂರಾರು ಬಗೆಯ ಪರಿಹಾರಗಳನ್ನು ತಾನೇ ಸೃಷ್ಟಿಸಿ, ಅವನ್ನು ತನ್ನೊಳಗಿನ ಕೃತಕ ನಡಿಗರ ಮೇಲೆ ಪರೀಕ್ಷಿಸಿ, ಒಳ್ಳೆಯದನ್ನು ಆರಿಸಿ ಕೊಡುತ್ತಿತ್ತು. ಆ ನಡಿಗರಲ್ಲಿ ಮುದುಕರಿದ್ದರು, ದಪ್ಪನೆಯವರಿದ್ದರು, ಒದ್ದೆ ನೆಲದ ಮೇಲೆ, ಮರಳಿನ ಮೇಲೆ, ಓಡುವ ಬಸ್ಸಿನೊಳಗೆ ನಡೆಯುವವರಿದ್ದರು.

ಇನ್ನೊಂದು, ‘ಮರುನಡೆ’ ಎಂಬ ಡಿಬಗರ್, ಅಂದರೆ ಕೋಡಿನ ತಪ್ಪು ಹುಡುಕುವ ಸಾಧನ. ಕಪ್ಪು ಪರದೆ, ಬಿಳಿ ಅಕ್ಷರ. ಅದರ ಜೊತೆಗಿದ್ದ ಎಡಿಟರಿನಲ್ಲಿ ಪ್ರತಿ ಅಕ್ಷರವನ್ನೂ ಕೈಯಿಂದಲೇ ಒತ್ತಬೇಕು. ಆದರೆ ಅದಕ್ಕೊಂದು ವಿದ್ಯೆ ಗೊತ್ತಿತ್ತು. ಪ್ರತಿ ನಡೆಗಾಲಿನೊಳಗಿನ ಕಂಪ್ಯೂಟರ್ ಚಿಪ್ಪೂ ತಾನು ಕೊನೆಯ ಕೆಲವು ನಿಮಿಷಗಳಲ್ಲಿ ಮಾಡಿದ ತೀರ್ಮಾನಗಳನ್ನೆಲ್ಲ ನೆನಪಿಟ್ಟುಕೊಳ್ಳುತ್ತಿತ್ತು. ಮರುನಡೆ ಆ ನೆನಪನ್ನು ತೆಗೆದುಕೊಂಡು ಪ್ರೋಗ್ರಾಮನ್ನು ಹಿಮ್ಮುಖವಾಗಿ ನಡೆಸುತ್ತಿತ್ತು: ಬಿದ್ದ ಕ್ಷಣದಿಂದ ಜಾರಿದ ಕ್ಷಣಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ. ಅದನ್ನು ಕಟ್ಟಿದವರು ದಾವಲ್‌ಸಾಬ ನದಾಫ. ಕಂಪನಿಯ ಮೊದಲ ಎಂಜಿನಿಯರುಗಳಲ್ಲಿ ಒಬ್ಬರು. ಒಂದು ದೋಷ ಹಿಡಿಯಲು ಅವರ ತಂಡಕ್ಕೆ ವಾರಗಟ್ಟಲೆ ಬೇಕಾಗುತ್ತಿತ್ತು. ಹೊಸ ಹುಡುಗರು ಅವರ ಕೋಣೆಗೆ ಮ್ಯೂಸಿಯಂ ಎಂದು ಹೆಸರಿಟ್ಟಿದ್ದರು. ಅದು ಗೊತ್ತಿದ್ದೂ ದಾವಲ್‌ಸಾಬರು ಅವರಿಗೆ ಚಹಾ ಕುಡಿಸುತ್ತಿದ್ದರು.

ಸುರಕ್ಷತಾ ಮಂಡಳಿಯ ಹೊಸ ನಿಯಮದ ಪ್ರಕಾರ ಇಂಥ ಉಪಕರಣಗಳನ್ನು ಮಾಡುವ ಕಂಪನಿ ಒಂದೇ ಕ್ರಮದ ಸಾಧನಗಳನ್ನು ಬಳಸಬೇಕಿತ್ತು. ಎರಡನ್ನೂ ಹೋಲಿಸಿ ಒಂದನ್ನು ಆರಿಸುವ ಕೆಲಸವನ್ನು ನಿರ್ದೇಶಕ ಶ್ರೀಪಾದ ಹುಯಿಲಗೋಳರು ನೀಲಾಳಿಗೆ ವಹಿಸಿದ್ದರು. ಅವಳು ಎರಡರಲ್ಲೂ ಕೆಲಸ ಮಾಡಿದವಳು, ಯಾರ ಮುಲಾಜಿಗೂ ಬೀಳುವವಳಲ್ಲ. ಬರವಣಿಗೆಯ ವೇಗ, ತಪ್ಪುಗಳ ಪ್ರಮಾಣ, ಹೊಸಬರು ಕಲಿಯಲು ಬೇಕಾಗುವ ಕಾಲ, ಎಲ್ಲದರಲ್ಲೂ ಅರಿವು ಮುಂದಿತ್ತು. ನೀಲಾ ಹಾಗೆಂದೇ ಬರೆದಿದ್ದಳು. ಅಷ್ಟರಲ್ಲಿ ಚಂಪಕ್ಕ ಬಿದ್ದಳು. ಆ ವಾರವೇ ಗದಗಿನಲ್ಲಿ ಒಬ್ಬ, ಹುಬ್ಬಳ್ಳಿಯಲ್ಲೇ ಒಬ್ಬ, ಮತ್ತೆ ಹಾವೇರಿ ಕಡೆ ನಾಲ್ಕಾರು ಜನ ಬಿದ್ದರು.

ನಿಯಂತ್ರಣ ಕೊಠಡಿಯ ಗೋಡೆಯ ಮೇಲಿನ ನಕ್ಷೆಯಲ್ಲಿ ಬಿದ್ದವರೆಲ್ಲ ಕೆಂಪು ಚುಕ್ಕೆಗಳಾಗಿ ಕಾಣುತ್ತಿದ್ದರು. ಹುಯಿಲಗೋಳರು ನಕ್ಷೆಗೆ ಬೆನ್ನು ಹಾಕಿ ನಿಂತು, ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ, ಒಂದೇ ದೋಷವನ್ನು ಎರಡೂ ಸಾಧನಗಳಿಗೆ ಕೊಡಿ ಎಂದರು. ಅವರ ದನಿಯಲ್ಲಿ ಗಾಬರಿ ಇರಲಿಲ್ಲ, ಅವಸರ ಇತ್ತು.

ಅರಿವು ಊಟದ ಹೊತ್ತಿಗೆಲ್ಲ ಪರಿಹಾರ ಕೊಟ್ಟಿತು. ಎರಡೇ ಸಾಲಿನ ತಿದ್ದುಪಡಿ. ಕೃತಕ ನಡಿಗರಲ್ಲಿ ಒಬ್ಬರೂ ಬೀಳಲಿಲ್ಲ. ಮ್ಯೂಸಿಯಂನಲ್ಲಿ ದಾವಲ್‌ಸಾಬರು ಆಗಿನ್ನೂ ಚಂಪಕ್ಕನ ನಡೆಗಾಲಿನ ನೆನಪನ್ನು ಇಳಿಸಿಕೊಳ್ಳುತ್ತಿದ್ದರು.

ಹೊಸ ತಿದ್ದುಪಡಿಯನ್ನು ಮೊದಲು ಕೆಲವೇ ಜನರ ಕಾಲಿಗೆ ಹಾಕಿ ನೋಡುವುದು ಪದ್ಧತಿ. ಫಕೀರೇಶ ತಾನೇ ಹೆಸರು ಕೊಟ್ಟ. ಹೆಂಡತಿ ಆರಿಸಿದ ಸಾಧನ ಮಾಡಿದ ಕೆಲಸ, ತನ್ನ ಕಾಲ ಮೇಲೆ ಪರೀಕ್ಷೆ ಆಗದಿದ್ದರೆ ಯಾರ ಕಾಲ ಮೇಲೆ ಆಗಬೇಕು ಎಂದು ನಕ್ಕ.

ಮೊದಲೆರಡು ದಿನ ಎಲ್ಲ ಚೆನ್ನಾಗಿತ್ತು. ಅವನು ಮಾರ್ಕೆಟ್ಟಿಗೆ ಹೋಗಿ ಬಂದ, ಮಹಡಿ ಹತ್ತಿ ನೀರಿನ ಟ್ಯಾಂಕ್ ತೊಳೆದ. ಮೂರನೆಯ ದಿನ ಬೆಳಿಗ್ಗೆ ನೀಲಾ ಅಡುಗೆಮನೆಯಿಂದ ಅವನ ನಡಿಗೆಯ ಸದ್ದು ಕೇಳಿ ಯಾರೋ ಬೇರೆಯವರು ಬಂದರೆಂದುಕೊಂಡಳು. ಫಕೀರೇಶ ನಡೆಯುವಾಗ ಬಲಗಾಲನ್ನು ಸ್ವಲ್ಪ ಎಳೆದು, ತಿರುಗುವಲ್ಲಿ ಸಣ್ಣದೊಂದು ನೆಗೆತ ಹಾಕುತ್ತಿದ್ದ. ಖೋಖೋ ಆಡಿ ಬಂದ ಅಭ್ಯಾಸ. ಈಗ ಹೆಜ್ಜೆಗಳು ಗಡಿಯಾರದಂತೆ ಒಂದೇ ಸಮನೆ ಬೀಳುತ್ತಿದ್ದವು. ಅವಳು ಅದನ್ನು ಹೇಳಿದಾಗ ಅವನೂ ಒಪ್ಪಿದ. ತಿರುಗುವಾಗ ಏನೋ ತಡವಾಗುತ್ತದೆ, ಆದರೆ ಬೀಳುವುದಕ್ಕಿಂತ ವಾಸಿ ಎಂದ.

ಅಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ನೀಲಾ ಹೋಗುವಷ್ಟರಲ್ಲಿ ಫಕೀರೇಶ ಮೈದಾನದ ಅಂಚಿನ ಕಟ್ಟೆಯ ಮೇಲೆ ನಡೆಗಾಲು ಬಿಚ್ಚಿಟ್ಟು ಕುಳಿತಿದ್ದ. ಅಭ್ಯಾಸದ ಆಟದಲ್ಲಿ ಒಬ್ಬ ಹುಡುಗಿ ಕಂಬ ಸುತ್ತಿ ಮೈ ತೀರ ಬಗ್ಗಿಸಿ ಅವನತ್ತ ಓಡಿ ಬಂದಿದ್ದಳು. ಪಕ್ಕಕ್ಕೆ ಸರಿಯಬೇಕೆಂದು ಅವನು ಅಂದುಕೊಂಡಿದ್ದ. ಕಾಲು ಸರಿಯಲಿಲ್ಲ, ನೆಟ್ಟಗೆ ಮುಂದೆ ಹೋಯಿತು. ಲೋಹದ ಮೊಣಕಾಲು ಹುಡುಗಿಯ ಹುಬ್ಬಿಗೆ ಬಡಿದಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದರು. ಕಣ್ಣಿಗೆ ಏನೂ ಆಗಿರಲಿಲ್ಲ.

ನೀಲಾ ಪಕ್ಕದಲ್ಲಿ ಕುಳಿತಳು. ಅವನು ನಡೆಗಾಲನ್ನು ಅವಳ ಕಡೆ ತಳ್ಳಿದ.

“ಮೊದಲ ಅದು ಬೀಳಸ್ತಿತ್ತು, ನೀಲಾ. ಆದರ ನನ್ನ ಮಾತ ಕೇಳ್ತಿತ್ತು. ಈಗ ಬೀಳಸೂದಿಲ್ಲ, ಮಾತೂ ಕೇಳೂದಿಲ್ಲ. ಇದನ್ನ ನಾ ಹಾಕ್ಕೊಳ್ಳೂದಿಲ್ಲ.”

ಸಂಜೆ ಅವನು ಗಾಲಿಕುರ್ಚಿಯಲ್ಲೇ ಆ ಹುಡುಗಿಯ ಮನೆಗೆ ಹೋಗಿ ಬಂದ. ನೀಲಾ ತಳ್ಳಿಕೊಂಡು ಹೋದಳು. ಆ ಮನೆಯವರು ಬೈಯಲಿಲ್ಲ, ಚಹಾ ಕೊಟ್ಟರು. ಅದು ಅವನಿಗೆ ಇನ್ನಷ್ಟು ಕಷ್ಟವಾಯಿತು.

ಮರುದಿನ ನೀಲಾ ಅರಿವಿನ ಮುಂದೆ ಕುಳಿತು, ಈ ತಿದ್ದುಪಡಿ ಏಕೆ ಕೆಲಸ ಮಾಡುತ್ತದೆ ಎಂದು ಕೇಳಿದಳು. ಕೃತಕ ನಡಿಗರಲ್ಲಿ ಬೀಳುವಿಕೆ ಸೊನ್ನೆಗೆ ಇಳಿದಿದೆ ಎಂದು ಅದು ಉತ್ತರಿಸಿತು. ಕಾಲು ಮೊದಲು ಏಕೆ ತಡೆಯುತ್ತಿತ್ತು ಎಂದು ಕೇಳಿದಳು. ನರದ ಅಲೆಯಲ್ಲಿ ಹಠಾತ್ ಏರಿಕೆ ಇದ್ದಾಗ ತಡೆಯುವ ಸಂಭವ ಹೆಚ್ಚು, ಆದ್ದರಿಂದ ಹಠಾತ್ ಏರಿಕೆಯನ್ನೆಲ್ಲ ಗದ್ದಲವೆಂದು ಪರಿಗಣಿಸಿ ಬಿಟ್ಟುಬಿಡಲಾಗಿದೆ ಎಂದಿತು. ಅವಳಿಗೆ ಅರ್ಥವಾಯಿತು. ಹಠಾತ್ತಾಗಿ ಪಕ್ಕಕ್ಕೆ ಸರಿಯಬೇಕೆನ್ನುವ ಆಸೆಯೂ ಒಂದು ಹಠಾತ್ ಏರಿಕೆಯೇ. ಅರಿವು ಸುಳ್ಳು ಹೇಳಿರಲಿಲ್ಲ, ಮೋಸ ಮಾಡಿರಲಿಲ್ಲ. ಬೀಳದಂತೆ ಮಾಡು ಎಂದು ಕೇಳಿದ್ದರು, ಬೀಳದಂತೆ ಮಾಡಿತ್ತು. ಏಕೆ ಬೀಳುತ್ತಾರೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅದಕ್ಕೆ ಗೊತ್ತಿರಲಿಲ್ಲ.

ನೀಲಾ ಹುಯಿಲಗೋಳರ ಕೋಣೆಗೆ ಹೋದಾಗ ತಿದ್ದುಪಡಿಯನ್ನು ಎಲ್ಲರ ಕಾಲಿಗೂ ಕಳಿಸುವ ಸಿದ್ಧತೆ ನಡೆದಿತ್ತು. ಅವರು ಶಾಲೆಯ ಘಟನೆಯನ್ನು ಪೂರ್ತಿ ಕೇಳಿದರು. ತಮ್ಮ ಪರದೆಯ ಮೇಲಿನ ನಕ್ಷೆಯಲ್ಲಿ ಹೊಸ ಕೆಂಪು ಚುಕ್ಕೆಗಳನ್ನು ತೋರಿಸಿದರು. ಬಿದ್ದವರಲ್ಲಿ ಒಬ್ಬಾತ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ.

“ನಿಮ್ಮ ಮಾತು ಖರೇ ಅದ. ಆದ್ರ ದಿನಾ ಜನ ಬೀಳ್ಲಿಕ್ಹತ್ಯಾರ. ಸೆಟದ ಕಾಲು ಕೊಟ್ಟೆ ಅಂತ ಬೈಸ್ಕೋತೀನಿ. ಇನ್ನೊಬ್ಬರು ಬಿದ್ದು ಸತ್ರ, ಅದನ್ನ ನಾ ಹೆಂಗ ಸರಿ ಮಾಡ್ಲಿ?”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತೊಟ್ಟವರೆಲ್ಲರಿಗೂ ಸದ್ಯ ಮೆಟ್ಟಿಲು ಹತ್ತಬೇಡಿ, ಒಬ್ಬರೇ ಹೊರಗೆ ಹೋಗಬೇಡಿ ಎಂದು ಸಂದೇಶ ಕಳಿಸಿ, ಸೋಮವಾರದವರೆಗೆ ತಡೆಯಿರಿ ಎಂದು ನೀಲಾ ಕೇಳಿದಳು. ಅಷ್ಟರೊಳಗೆ ಕಾರಣ ಸಿಗದಿದ್ದರೆ ತಾನೇ ತಿದ್ದುಪಡಿಗೆ ಸಹಿ ಹಾಕುತ್ತೇನೆ ಎಂದಳು. ಹುಯಿಲಗೋಳರು ಕನ್ನಡಕ ತೆಗೆದು ಒರೆಸಿ, ಸರಿ ಎಂದರು.

ಅವಳು ನೇರವಾಗಿ ಮ್ಯೂಸಿಯಂಗೆ ಹೋದಳು. ದಾವಲ್‌ಸಾಬರು ಚಂಪಕ್ಕನ ಕಾಲನ್ನು ಹಿಂದಕ್ಕೆ ನಡೆಸುತ್ತಿದ್ದರು. ಆದರೆ ಒಂದು ಕ್ಷಣವೆಂದರೆ ಚಿಪ್ಪಿನ ಲೆಕ್ಕದಲ್ಲಿ ಲಕ್ಷಾಂತರ ತೀರ್ಮಾನಗಳು. ಈ ವೇಗದಲ್ಲಿ ಸೋಮವಾರವಲ್ಲ, ಮುಂದಿನ ತಿಂಗಳಾಗುತ್ತದೆ ಎಂದು ಅವರೇ ಒಪ್ಪಿಕೊಂಡರು. ನೀಲಾ ಕುರ್ಚಿ ಎಳೆದುಕೊಂಡು ಕುಳಿತಳು. ಬಿದ್ದವರೆಲ್ಲರ ಕಾಲಿನ ನೆನಪುಗಳನ್ನು ಅರಿವಿಗೆ ಕೊಡೋಣ, ಪರಿಹಾರ ಕೇಳುವುದು ಬೇಡ, ಎಲ್ಲದರಲ್ಲೂ ಸಮಾನವಾಗಿರುವ ಜಾಗಗಳನ್ನಷ್ಟೇ ತೋರಿಸಲು ಹೇಳೋಣ, ಆ ಜಾಗಗಳಿಂದ ಮರುನಡೆಯಲ್ಲಿ ಹಿಂದಕ್ಕೆ ಹೋಗೋಣ ಎಂದಳು. ದಾವಲ್‌ಸಾಬರು ಗಡ್ಡ ಕೆರೆದುಕೊಂಡರು. ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಅರಿವನ್ನು ತೆರೆಯಲು ಆವರೆಗೆ ಅವರು ಯಾರಿಗೂ ಬಿಟ್ಟಿರಲಿಲ್ಲ. ಎದ್ದು ಜಾಗ ಬಿಟ್ಟುಕೊಟ್ಟರು.

ಅರಿವು ಮೂರು ಜಾಗಗಳನ್ನು ತೋರಿಸಿತು. ಮೊದಲೆರಡು ಎಲ್ಲೂ ಮುಟ್ಟಲಿಲ್ಲ. ಮೂರನೆಯದರಿಂದ ಹಿಂದಕ್ಕೆ ಹೋದಂತೆ ಪರದೆಯ ಮೇಲೆ ಚಿತ್ರ ಬಿಡಿಸಿಕೊಂಡಿತು. ನಡೆಗಾಲಿನಲ್ಲಿ ಒಂದು ನಿಯಮವಿತ್ತು: ಒಂದು ಕಾಲು ಚಲಿಸುವ ಮೊದಲು ಇನ್ನೊಂದನ್ನು ‘ನೀನು ಗಟ್ಟಿಯಾಗಿದ್ದೀಯಾ?’ ಎಂದು ಕೇಳಬೇಕು, ಅದು ಹೌದೆಂದ ಮೇಲೆ ಚಲಿಸಬೇಕು. ಬಿದ್ದ ಪ್ರತಿಯೊಬ್ಬರಲ್ಲೂ ಎರಡೂ ಕಾಲುಗಳು ಒಂದೇ ಗಳಿಗೆಗೆ ಈ ಪ್ರಶ್ನೆ ಕೇಳಿದ್ದವು. ಎರಡೂ ಉತ್ತರಕ್ಕಾಗಿ ಕಾಯುತ್ತ ನಿಂತಿದ್ದವು. ಕೊನೆಗೆ ಚಿಪ್ಪು ಬೇಸತ್ತು ಎಲ್ಲವನ್ನೂ ಹೊಸದಾಗಿ ಶುರುಮಾಡುವಷ್ಟರಲ್ಲಿ ಮನುಷ್ಯ ನೆಲದ ಮೇಲಿರುತ್ತಿದ್ದ.

ದಾವಲ್‌ಸಾಬರು ಪರದೆಯನ್ನೇ ನೋಡುತ್ತಿದ್ದರು. ದೀಪಾವಳಿಗೆ ಮುಂಚೆ, ಸುರಕ್ಷತೆ ಹೆಚ್ಚಲಿ ಎಂದು ಈ ನಿಯಮವನ್ನು ಸೇರಿಸಿದ್ದು ಅವರ ತಂಡವೇ, ಅದೂ ಅವರದೇ ಕೈ. ಅಕ್ಷರ ಅಕ್ಷರವಾಗಿ ಒತ್ತಿ ಬರೆದ ಸಾಲುಗಳು. “ನಾನ ಬರದದ್ದು” ಎಂದರು. ನಿಧಾನ ಬರೆದರೆ ತಪ್ಪಾಗುವುದಿಲ್ಲ ಎಂದು ತಾವು ಬಹಳ ವರ್ಷ ನಂಬಿದ್ದಾಗಿ ಸೇರಿಸಿದರು. ನೀಲಾ ಸಮಾಧಾನ ಹೇಳಲು ಹೋಗಲಿಲ್ಲ. ಬದಲಿಗೆ, ಮನುಷ್ಯನ ಎರಡೂ ಕಾಲು ಒಂದೇ ಗಳಿಗೆಗೆ ಚಲಿಸಬೇಕೆನ್ನುವುದು ಯಾವಾಗ ಎಂದು ಕೇಳಿದಳು. ನಡೆಯುವಾಗ ಹಾಗಾಗುವುದಿಲ್ಲ. ನೆಗೆಯುವಾಗ ಆಗುತ್ತದೆ, ಆದರೆ ಅದಕ್ಕೆ ಬೇರೆ ವ್ಯವಸ್ಥೆ ಇತ್ತು. ಚಂಪಕ್ಕ ಮೆಟ್ಟಿಲ ಮೇಲೆ ನೆಗೆದಿರಲಾರಳು. ದಾವಲ್‌ಸಾಬರಿಗೂ ಹೊಳೆಯಲಿಲ್ಲ.

ಮನೆಯಲ್ಲಿ ಫಕೀರೇಶ ಕುರ್ಚಿಯಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದ. ನೀಲಾ ಚಪ್ಪಲಿ ಬಿಡುವ ಮೊದಲೇ ಅವನಿಗೆ ಎಲ್ಲವನ್ನೂ ಹೇಳಿದಳು. ಸೊಂಟದ ಎಡಕ್ಕೂ ಬಲಕ್ಕೂ ಒಂದೇ ಸಲ, ಒಂದೇ ಬಲದಿಂದ ಅಲೆ ಏಳುತ್ತದೆ, ಒಂದು ಕ್ಷಣದಲ್ಲಿ ಮುಗಿಯುತ್ತದೆ, ಅದು ಏನಿರಬಹುದು ಎಂದಳು. ಅವನು ಇಪ್ಪತ್ತು ವರ್ಷ ಆಟವಾಡುವ ಮಕ್ಕಳ ಮೈಚಲನೆಯನ್ನು ಗಮನಿಸಿದವನು. ಯಾವ ಸ್ನಾಯು ಯಾವಾಗ ಬಿಗಿಯುತ್ತದೆ ಎಂಬುದು ಅವನ ಕಸುಬು. ಬಟಾಣಿ ಬದಿಗಿಟ್ಟು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡ. ಉಸಿರು ಬಿಗಿಹಿಡಿದು ನೋಡಿದ. ಕೆಮ್ಮಿ ನೋಡಿದ, ತಲೆಯಾಡಿಸಿದ. ಕೆಮ್ಮಿನಲ್ಲಿ ಅಷ್ಟು ಬಲ ಇರುವುದಿಲ್ಲ ಎಂದ. ಆಮೇಲೆ ಹೆಂಡತಿಯ ಮುಖ ನೋಡಿದ.

“ಸೀನು” ಎಂದ. “ಸೀನಿದಾಗ ಇಡೀ ಮೈ ಒಮ್ಮೆಲೆ ಹಿಡಕೊಂಡ ಬಿಡ್ತೈತಿ. ಎಡಾ ಬಲಾ ಅಂತ ಇರೂದಿಲ್ಲ.”

ಅರಿವಿನ ಕೃತಕ ನಡಿಗರು ಮರಳಿನ ಮೇಲೆ ನಡೆಯುತ್ತಿದ್ದರು, ಓಡುವ ಬಸ್ಸಿನಲ್ಲಿ ನಿಲ್ಲುತ್ತಿದ್ದರು. ಅವರಲ್ಲಿ ಯಾರೂ ಯಾವತ್ತೂ ಸೀನಿರಲಿಲ್ಲ. ಸೀನಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ನೀಲಾ ನಿಂತಲ್ಲಿಂದಲೇ ಚಂಪಕ್ಕನಿಗೆ ಫೋನ್ ಮಾಡಿದಳು. ಬಿದ್ದ ದಿನದ ಬಗ್ಗೆ ಕಂಪನಿಯವರು ಆಕೆಯನ್ನು ಏನೇನೋ ಕೇಳಿದ್ದರು: ಬ್ಯಾಟರಿ ಎಷ್ಟಿತ್ತು, ಪಟ್ಟಿ ಬಿಗಿಯಾಗಿತ್ತೇ, ಮೆಟ್ಟಿಲು ಎಷ್ಟು ಎತ್ತರ. ಬೀಳುವ ಮೊದಲು ಸೀನಿದ್ದಿರಾ ಎಂಬ ಪ್ರಶ್ನೆ ಕೇಳಿ ಆಕೆ ನಕ್ಕಳು. ಆಮೇಲೆ, ತಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವಳು, ಇದು ಮೆಣಸಿನಕಾಯಿ ಬರುವ ಕಾಲ, ಊರಿಗೆ ಊರೇ ಸೀನುತ್ತಿರುವಾಗ ಯಾವ ಸೀನು ಎಂದು ಹೇಳಲಿ ಎಂದು ಕೇಳಿದಳು. ಹಾವೇರಿ ಕಡೆಯೇ ಕೆಂಪು ಚುಕ್ಕೆಗಳು ಏಕೆ ದಟ್ಟವಾಗಿದ್ದವು ಎಂಬುದು ನೀಲಾಳಿಗೆ ಆಗ ತಿಳಿಯಿತು. ನಿಯಮ ಸೇರಿಸಿದ ಮೇಲೆ ಬಂದ ಮೊದಲ ಮೆಣಸಿನಕಾಯಿ ಸುಗ್ಗಿ ಇದು.

ಕಾರಣ ಸಿಕ್ಕ ಮೇಲೆ ಪರಿಹಾರ ಕಷ್ಟವಾಗಲಿಲ್ಲ. ಎರಡೂ ಕಾಲು ಒಟ್ಟಿಗೆ ಪ್ರಶ್ನೆ ಕೇಳಿದರೆ, ಗಾಳಿಯಲ್ಲಿರುವ ಕಾಲು ಮೊದಲು ನೆಲ ಮುಟ್ಟಬೇಕು, ನೆಲದ ಮೇಲಿರುವುದು ಕಾಯದೆ ಉತ್ತರ ಕೊಡಬೇಕು. ದಾವಲ್‌ಸಾಬರು ಅದನ್ನು ಬಾಯಲ್ಲಿ ಹೇಳಿದರು, ಅರಿವು ಬರೆಯಿತು. ಅದು ಬರೆದ ರೀತಿ ಎಷ್ಟು ಚೊಕ್ಕವಾಗಿತ್ತೆಂದರೆ ಅವರು ಎರಡು ಸಲ ಓದಿ ಹುಬ್ಬೇರಿಸಿದರು. ನಂತರ ಅದನ್ನು ಮರುನಡೆಯಲ್ಲಿ ಹಾಕಿ, ಬಿದ್ದವರ ಹಳೆಯ ನೆನಪುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಸಿದರು. ಈ ಸಲ ಎಲ್ಲೂ ಕಾಲು ತಡೆಯಲಿಲ್ಲ. ಹಠಾತ್ ಏರಿಕೆಗಳನ್ನು ಬಿಟ್ಟುಬಿಡುವ ಎರಡು ಸಾಲುಗಳನ್ನು ನೀಲಾ ತನ್ನ ಕೈಯಿಂದಲೇ ಅಳಿಸಿದಳು. ಅರಿವಿನ ನಡಿಗರಿಗೆ ಸೀನಲು, ಬಿಕ್ಕಳಿಸಲು, ಬಿದ್ದು ಬಿದ್ದು ನಗಲು ಕಲಿಸಿದಳು.

ಶನಿವಾರ ಸಂಜೆ ಅವಳು ಹೋಲಿಕೆಯ ವರದಿಯನ್ನು ಮತ್ತೆ ಬರೆದಳು. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನೇ ತೆಗೆದುಹಾಕಿದಳು. ಅರಿವು ಬರೆಯಲಿ, ಹುಡುಕಲಿ. ಆದರೆ ಯಾವ ದೋಷಕ್ಕೇ ಆಗಲಿ, ಮರುನಡೆಯಲ್ಲಿ ಕಾರಣದವರೆಗೆ ಹಿಂದಕ್ಕೆ ಹೋಗಿ ಬಂದ ಮೇಲಷ್ಟೇ ಅದರ ಪರಿಹಾರ ಮನುಷ್ಯರ ಕಾಲಿಗೆ ಹೋಗಬೇಕು. ಇದನ್ನೇ ಒಂದು ಕ್ರಮವೆಂದು ಮಂಡಳಿಯ ಮುಂದಿಡಬಹುದು. ಹುಯಿಲಗೋಳರು ಓದಿ, ಮಂಡಳಿಯವರು ಒಪ್ಪುವವರೆಗೆ ತಾನು ಅವರ ಬಾಗಿಲು ಬಿಟ್ಟು ಏಳುವುದಿಲ್ಲ ಎಂದರು. ನಿಜವಾದ ಮೆಣಸಿನಕಾಯಿ ಧೂಳಿನಲ್ಲಿ ಒಮ್ಮೆ ನೋಡದೆ ಎಲ್ಲರಿಗೂ ಕಳಿಸುವುದಿಲ್ಲ ಎಂದೂ ಹೇಳಿದರು.

ಹೊಸ ಪ್ರೋಗ್ರಾಮನ್ನು ಮೊದಲು ತೊಟ್ಟವನು ಫಕೀರೇಶ. ಅವನು ಮನೆಯ ಅಂಗಳದಲ್ಲಿ ಒಂದು ಸುತ್ತು ಹೋಗಿ, ತಿರುಗುವಲ್ಲಿ ನೆಗೆದು, ಒಳಗೆ ಹೋಗಿ ನಶ್ಯ ಹುಡುಕಿ ತಂದ. ಸೀನಿದ. ನಿಂತೇ ಇದ್ದ. ಮತ್ತೆ ಸೀನಿದ. ನೀಲಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವನು ನೋಡಬಾರದೆಂದು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ನೀಲಾ, ಫಕೀರೇಶ, ದಾವಲ್‌ಸಾಬರು ಬ್ಯಾಡಗಿಗೆ ಹೋದರು. ಮಾರುಕಟ್ಟೆಯ ಅಂಗಳದಲ್ಲಿ ಕಣ್ಣು ಹಾಯುವವರೆಗೂ, ದಿನದ ಟೆಂಡರಿನಲ್ಲಿ ಬೆಲೆ ಗೊತ್ತಾಗಲು ಕಾದಿದ್ದ ಕೆಂಪು ಚೀಲಗಳು. ಕಾರಿನ ಬಾಗಿಲು ತೆಗೆದ ಕೂಡಲೇ ದಾವಲ್‌ಸಾಬರು ಕರವಸ್ತ್ರ ಹುಡುಕಿದರು. ನೀಲಾ ಪರೀಕ್ಷೆಗೆ ಕ್ರಮವೊಂದನ್ನು ಹಾಕಿಕೊಂಡಿದ್ದಳು: ಮೊದಲು ಫಕೀರೇಶ, ಸಮತಟ್ಟಾದ ನೆಲದಲ್ಲಿ, ಆಮೇಲೆ ಬೇರೆಯವರು, ಕೈ ಹಿಡಿದು, ಮೆಟ್ಟಿಲು ಕೊನೆಗೆ. ಹುಯಿಲಗೋಳರು ಆಸ್ಪತ್ರೆಯಿಂದ ಒಬ್ಬ ವೈದ್ಯರನ್ನೂ ಕರೆಸಿದ್ದರು.

ಚಂಪಕ್ಕ ಎತ್ತರದ ಕಟ್ಟೆಯ ಮೇಲಿನ ತನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಗೆ ಪ್ಲಾಸ್ಟರು, ಕಾಲಿಗೆ ಬೆಳಿಗ್ಗೆಯಷ್ಟೇ ಹೊಸ ಪ್ರೋಗ್ರಾಮು ಇಳಿದಿದ್ದ ನಡೆಗಾಲು. ನೀಲಾ ಪರೀಕ್ಷೆಯ ಕ್ರಮವನ್ನು ವಿವರಿಸತೊಡಗಿದಳು. ಕಟ್ಟೆಯ ಕೆಳಗೆ ಇಬ್ಬರು ನಿಲ್ಲುತ್ತಾರೆ, ಅವಸರ ಮಾಡಬೇಡಿ ಎಂದಳು. ಚಂಪಕ್ಕ ತಲೆಯಾಡಿಸುತ್ತ ಕೇಳಿಸಿಕೊಂಡಳು. ಅಷ್ಟರಲ್ಲಿ ಹಮಾಲರು ಪಕ್ಕದಲ್ಲಿ ಒಂದು ಚೀಲ ಸುರಿದರು. ಕೆಂಪು ಧೂಳು ಎದ್ದಿತು.

ಆಕೆ ಆಗಲೇ ಮೊದಲ ಮೆಟ್ಟಿಲಿಗೆ ಕಾಲು ಇಟ್ಟಾಗಿತ್ತು. ಸೀನಿದಳು. ಗಾಳಿಯಲ್ಲಿದ್ದ ಕಾಲು ತಡೆಯದೆ ಕೆಳಗಿನ ಮೆಟ್ಟಿಲನ್ನು ಹಿಡಿಯಿತು. ಮತ್ತೊಂದು ಸೀನು, ಮತ್ತೊಂದು ಮೆಟ್ಟಿಲು. ಕೈ ಹಿಡಿಯಲು ಓಡಿಬಂದ ವೈದ್ಯರು ಅಲ್ಲೇ ನಿಂತು ತಾವೇ ಸೀನತೊಡಗಿದರು. ಚಂಪಕ್ಕ ಕೆಳಗಿಳಿದು ಸೆರಗಿನಿಂದ ಮೂಗು ಒರೆಸಿಕೊಂಡಳು. ಫಕೀರೇಶ, ನೀಲಾ, ದಾವಲ್‌ಸಾಬರು ಸಾಲಾಗಿ ದಾರಿಗೆ ಅಡ್ಡ ನಿಂತು ಆಕೆಯನ್ನೇ ನೋಡುತ್ತಿದ್ದರು.

“ಸ್ವಲ್ಪ ಸರೀರಿ” ಎಂದಳು ಚಂಪಕ್ಕ. “ಟೆಂಡರ್ ಶುರು ಆಗೇತಿ.”

ಮೂವರೂ ಸರಿದು ದಾರಿ ಬಿಟ್ಟರು.